ಮಹಾರಾಜರ ಎದೆಯ ಮೇಲಿನ ವಜ್ರದ ನಕ್ಷತ್ರ

ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಹಳೆಯ ಶಾಲೆ, ಆಸ್ಪತ್ರೆ, ಗ್ರಂಥಾಲಯಗಳ ಗೋಡೆಗೆ ಹುದುಗಿಸಿದ ಶಂಕುಸ್ಥಾಪನೆಯ ಕಲ್ಲುಗಳನ್ನು ಓದುವ ಅಭ್ಯಾಸವಿರುವ ವಿದ್ಯಾರ್ಥಿಗಳು ಒಂದು ವಿಚಿತ್ರ ಅಕ್ಷರಮಾಲೆಯನ್ನು ಗಮನಿಸಿರಬಹುದು. ಮಹಾರಾಜರ ಉದ್ದನೆಯ ಹೆಸರು ಮುಗಿದ ಮೇಲೆ ಜಿ.ಸಿ.ಎಸ್.ಐ. ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು. ದಿವಾನರ ಹೆಸರಿನ ಮುಂದೆ ಕೆ.ಸಿ.ಎಸ್.ಐ. ಅಥವಾ ಕೆ.ಸಿ.ಐ.ಇ. ಇವು ವಿದ್ಯಾರ್ಹತೆಗಳಲ್ಲ. ಯಾವ ವಿಶ್ವವಿದ್ಯಾನಿಲಯವೂ ಕೊಟ್ಟ ಪದವಿಗಳಲ್ಲ. ಅರಮನೆಯ ತೈಲಚಿತ್ರಗಳಲ್ಲಿ ರಾಜರ ಎದೆಯ ಎಡಭಾಗದಲ್ಲಿ ಹೊಳೆಯುವ ನಕ್ಷತ್ರವನ್ನೂ, ಭುಜದಿಂದ ಓರೆಯಾಗಿ ಇಳಿಬಿದ್ದ ತಿಳಿನೀಲಿ ಪಟ್ಟಿಯನ್ನೂ ಕಂಡವರಿಗೆ ಆ ಅಕ್ಷರಗಳ ಇನ್ನೊಂದು ರೂಪ ಕಂಡಂತೆಯೇ.

ಅದರ ಹೆಸರು ‘ಆರ್ಡರ್ ಆಫ್ ದಿ ಸ್ಟಾರ್ ಆಫ್ ಇಂಡಿಯಾ’. ಕನ್ನಡದಲ್ಲಿ ಭಾರತ ನಕ್ಷತ್ರ ಎನ್ನೋಣ. ಬ್ರಿಟಿಷ್ ಚಕ್ರಾಧಿಪತ್ಯ ಭಾರತಕ್ಕೆಂದೇ ರೂಪಿಸಿದ ಅತ್ಯುನ್ನತ ಗೌರವ ಅದು. ವಜ್ರ, ಚಿನ್ನ, ಕೆತ್ತಿದ ಶಿಲೆ, ರೇಷ್ಮೆ ಎಲ್ಲವೂ ಸೇರಿದ ಆ ಒಡವೆಯ ಕಥೆಯಲ್ಲಿ ಸೌಂದರ್ಯವೂ ಇದೆ, ರಾಜಕೀಯದ ಲೆಕ್ಕಾಚಾರವೂ ಇದೆ. ಎರಡನೆಯದೇ ಹೆಚ್ಚು.

ದಂಗೆಯ ನಂತರದ ಯೋಚನೆ

1857ರ ಮಹಾದಂಗೆ ಅಡಗಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಕೊನೆಗೊಂಡು ಭಾರತ ನೇರವಾಗಿ ವಿಕ್ಟೋರಿಯಾ ರಾಣಿಯ ಕೈಗೆ ಬಂದಿತು. 1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ರಾಣಿಯ ಘೋಷಣೆಯನ್ನು ಓದಿಸಿದರು. ದೇಶೀಯ ರಾಜರ ಹಕ್ಕು, ಗೌರವ, ಘನತೆಗಳನ್ನು ಕಾಪಾಡುತ್ತೇವೆ ಎಂಬ ಭರವಸೆ ಅದರಲ್ಲಿತ್ತು. ಇಂಥ ಭರವಸೆ ಕೊಡಲು ಕಾರಣವೂ ಇತ್ತು. ದಂಗೆಯ ಕಾಲದಲ್ಲಿ ಗ್ವಾಲಿಯರ್, ಹೈದರಾಬಾದ್, ಪಟಿಯಾಲಾ, ರಾಂಪುರ, ಭೋಪಾಲದಂಥ ಸಂಸ್ಥಾನಗಳ ಅರಸರು ಬ್ರಿಟಿಷರ ಪರ ನಿಲ್ಲದೆ ಹೋಗಿದ್ದರೆ ಇತಿಹಾಸವೇ ಬೇರೆಯಾಗುತ್ತಿತ್ತು. ಬಿರುಗಾಳಿಯ ಹೊಡೆತವನ್ನು ತಡೆದ ಅಲೆಗೋಡೆಗಳಂತೆ ಈ ಸಂಸ್ಥಾನಗಳು ನಿಂತವು ಎಂಬುದು ಕ್ಯಾನಿಂಗರೇ ಒಪ್ಪಿಕೊಂಡ ಮಾತು.

ಹಾಗಾದರೆ ಅಲೆಗೋಡೆಯನ್ನು ಭದ್ರವಾಗಿ ಇಟ್ಟುಕೊಳ್ಳುವುದು ಹೇಗೆ? ರಾಜ್ಯ ವಿಸ್ತಾರ ಮಾಡಿಕೊಟ್ಟರೆ ಮುಂದೆ ಅಪಾಯ. ಹಣ ಕೊಟ್ಟರೆ ಬೊಕ್ಕಸಕ್ಕೆ ಭಾರ. ಗೌರವ ಕೊಟ್ಟರೆ? ಖರ್ಚು ಕಡಮೆ, ಪರಿಣಾಮ ಹೆಚ್ಚು.

ಗೌರವ ಕೊಡುವ ಪದ್ಧತಿ ನಮ್ಮ ನೆಲಕ್ಕೆ ಹೊಸದೇನಲ್ಲ. ಕನ್ನಡ ನಾಡಿನಲ್ಲಿ ಶೂರರಿಗೂ ಕವಿಗಳಿಗೂ ಗಂಡಪೆಂಡೇರ ತೊಡಿಸುವ ಸಂಪ್ರದಾಯವಿತ್ತು. ಮೊಗಲರ ದರ್ಬಾರಿನಲ್ಲಿ ಖಿಲ್ಲತ್ತು ಎಂಬ ಗೌರವದ ಉಡುಪು ದೊರೆಯುತ್ತಿತ್ತು. ಅದು ಬರೀ ಬಟ್ಟೆಯಲ್ಲ. ಬಾದಶಹ ತನ್ನ ಮೈಗೆ ಸೋಕಿಸಿದ ವಸ್ತ್ರವನ್ನು ತೊಟ್ಟವನು ಅವನ ಅಧಿಕಾರದ ಒಂದು ಅಂಗವಾಗಿಬಿಡುತ್ತಾನೆ ಎಂಬುದು ಅದರ ಒಳಗಿನ ಅರ್ಥ. ಖಿಲ್ಲತ್ತು ಪಡೆದವನು ಪ್ರತಿಯಾಗಿ ನಜರು ಒಪ್ಪಿಸಬೇಕು. ಕಂಪನಿಯ ಅಧಿಕಾರಿಗಳೂ ಈ ಪದ್ಧತಿಯನ್ನು ಬಹುಕಾಲ ಅನುಸರಿಸಿದರು, ಆದರೆ ಅದನ್ನು ಕೊಡುಕೊಳ್ಳುವ ವ್ಯಾಪಾರವೆಂದೇ ತಿಳಿದರು. ಉಡುಗೊರೆಗೆ ಉಡುಗೊರೆ, ಬೆಲೆಗೆ ಬೆಲೆ ಎಂದು ಲೆಕ್ಕ ಬರೆದಿಟ್ಟರು.

ರಾಣಿಯ ಆಡಳಿತ ಬಂದ ಮೇಲೆ ಖಿಲ್ಲತ್ತಿನ ಜಾಗಕ್ಕೆ ಇಂಗ್ಲೆಂಡಿನ ಮಧ್ಯಯುಗದ ನೈಟ್ ಪದವಿಯನ್ನು ತಂದು ಕೂರಿಸುವ ಯೋಜನೆ ರೂಪುಗೊಂಡಿತು. ರಾಣಿಯ ಪತಿ ಆಲ್ಬರ್ಟ್ ಇದರಲ್ಲಿ ವಿಶೇಷ ಆಸಕ್ತಿ ವಹಿಸಿದ. ಹೆಸರು, ಧ್ಯೇಯವಾಕ್ಯ, ವಿನ್ಯಾಸ ಇವುಗಳ ಬಗ್ಗೆ ಲಂಡನ್ನಿಗೂ ಕಲ್ಕತ್ತೆಗೂ ನಡುವೆ ಪತ್ರಗಳು ಓಡಾಡಿದವು. 1861ರಲ್ಲಿ ಭಾರತ ನಕ್ಷತ್ರ ಅಸ್ತಿತ್ವಕ್ಕೆ ಬಂದಿತು. ಅದೇ ವರ್ಷದ ಡಿಸೆಂಬರ್ 14ರಂದು ಆಲ್ಬರ್ಟ್ ತೀರಿಕೊಂಡ.

ಶಿಲುಬೆ ಇಲ್ಲದ ಪದಕ

ಯುರೋಪಿನ ನೈಟ್ ಪದವಿಗಳೆಲ್ಲ ಹುಟ್ಟಿದ್ದು ಕ್ರೈಸ್ತ ಧರ್ಮದ ಹಿನ್ನೆಲೆಯಲ್ಲಿ. ಗಾರ್ಟರ್ ಪದವಿಗೆ ಸಂತ ಜಾರ್ಜ್ ಪೋಷಕ, ಥಿಸಲ್‌ಗೆ ಸಂತ ಆಂಡ್ರೂ, ಐರ್ಲೆಂಡಿನದಕ್ಕೆ ಸಂತ ಪ್ಯಾಟ್ರಿಕ್. ಪದಕಗಳಲ್ಲಿ ಶಿಲುಬೆಯ ಆಕಾರ ಸಾಮಾನ್ಯ. ಅತಿ ಹಿರಿಯ ದರ್ಜೆಗೆ ‘ನೈಟ್ ಗ್ರ್ಯಾಂಡ್ ಕ್ರಾಸ್’ ಎಂದೇ ಹೆಸರು. ಹಿಂದೂ, ಮುಸ್ಲಿಂ, ಸಿಖ್ ಅರಸರ ಎದೆಗೆ ಶಿಲುಬೆ ಚುಚ್ಚಿದರೆ? ಧರ್ಮಕ್ಕೆ ಕೈಹಾಕುತ್ತಾರೆ ಎಂಬ ಅನುಮಾನದಿಂದಲೇ ಹೊತ್ತಿದ ದಂಗೆಯ ಬೂದಿ ಇನ್ನೂ ಬಿಸಿಯಾಗಿತ್ತು.

ಆದ್ದರಿಂದ ಸಂತರಿಲ್ಲ, ಶಿಲುಬೆ ಇಲ್ಲ. ಎಲ್ಲ ಧರ್ಮದವರೂ ತಲೆಯೆತ್ತಿ ನೋಡುವ ನಕ್ಷತ್ರವನ್ನು ಆರಿಸಿದರು. ‘ಗ್ರ್ಯಾಂಡ್ ಕ್ರಾಸ್’ ಎಂಬುದರ ಬದಲು ‘ಗ್ರ್ಯಾಂಡ್ ಕಮಾಂಡರ್’ ಎಂದರು. ಜಿ.ಸಿ.ಎಸ್.ಐ.ಯಲ್ಲಿರುವ ಸಿ ಅಕ್ಷರ ಇದೇ ಕಮಾಂಡರ್. ಧ್ಯೇಯವಾಕ್ಯವನ್ನೂ ಅಷ್ಟೇ ಎಚ್ಚರದಿಂದ ಬರೆದರು. ‘ಹೆವೆನ್ಸ್ ಲೈಟ್ ಅವರ್ ಗೈಡ್’, ಅಂದರೆ ಸ್ವರ್ಗದ ಬೆಳಕೇ ನಮಗೆ ದಾರಿದೀಪ. ಯಾರ ಸ್ವರ್ಗ ಎಂದು ಅದು ಹೇಳುವುದಿಲ್ಲ. ಎಲ್ಲರೂ ತಮ್ಮ ತಮ್ಮ ಸ್ವರ್ಗವನ್ನು ಭಾವಿಸಿಕೊಳ್ಳಬಹುದು. ಜಾಣತನವೆಂದರೆ ಇದು!

ಇನ್ನು ಒಡವೆಯ ವಿಷಯ. ಇದರಲ್ಲಿ ಮುಖ್ಯವಾದವು ಮೂರು: ಎದೆಗೆ ಚುಚ್ಚುವ ನಕ್ಷತ್ರ, ಪಟ್ಟಿಯ ತುದಿಯಲ್ಲಿ ತೂಗುವ ಪದಕ, ಕೊರಳ ಸುತ್ತ ಬರುವ ಚಿನ್ನದ ಸರ. ಗ್ರ್ಯಾಂಡ್ ಕಮಾಂಡರ್ ದರ್ಜೆಯ ನಕ್ಷತ್ರದಲ್ಲಿ ಸುತ್ತಲೂ ಹರಡಿದ ಚಿನ್ನದ ಕಿರಣಗಳು. ನಡುವೆ ವಜ್ರಗಳನ್ನು ಜೋಡಿಸಿದ ಐದು ಮೂಲೆಯ ತಾರೆ. ಅದರ ಅಡಿಯಲ್ಲಿ ತಿಳಿನೀಲಿ ಎನಾಮಲ್ಲಿನ ಪಟ್ಟಿಯ ಮೇಲೆ ಧ್ಯೇಯವಾಕ್ಯದ ಒಂದೊಂದು ಅಕ್ಷರವನ್ನೂ ಸಣ್ಣ ಸಣ್ಣ ವಜ್ರಗಳಿಂದಲೇ ಬರೆದಿದ್ದರು. ದೀಪದ ಬೆಳಕಿನಲ್ಲಿ ದರ್ಬಾರಿನ ಆ ಮೂಲೆಯಿಂದ ಈ ಮೂಲೆಗೆ ಅದು ಮಿನುಗುತ್ತಿತ್ತು ಎಂಬುದರಲ್ಲಿ ಆಶ್ಚರ್ಯವಿಲ್ಲ.

ಕಸಬುದಾರಿಕೆಯ ದೃಷ್ಟಿಯಿಂದ ನೋಡಿದರೆ ತೂಗುವ ಪದಕವೇ ಹೆಚ್ಚು ಸೊಗಸು. ಅದರ ನಡುವೆ ವಿಕ್ಟೋರಿಯಾ ರಾಣಿಯ ಮುಖವನ್ನು ಓನಿಕ್ಸ್ ಎಂಬ ಶಿಲೆಯಲ್ಲಿ ಕೆತ್ತಿದ್ದಾರೆ. ಓನಿಕ್ಸ್ ಪದರ ಪದರವಾಗಿ ಬೆಳೆಯುವ ಕಲ್ಲು. ಒಂದು ಪದರ ಬಿಳಿ, ಅದರ ಕೆಳಗಿನದು ಕಪ್ಪು ಅಥವಾ ಕಂದು. ಕುಶಲಕರ್ಮಿ ಮೇಲಿನ ಬಿಳಿ ಪದರವನ್ನು ಸ್ವಲ್ಪ ಸ್ವಲ್ಪವಾಗಿ ಸವೆಸುತ್ತಾ ಮುಖದ ಆಕಾರವನ್ನು ಉಳಿಸಿಕೊಳ್ಳುತ್ತಾನೆ. ಹಿನ್ನೆಲೆಯಲ್ಲಿ ಗಾಢವಣ್ಣದ ಪದರ ತೆರೆದುಕೊಳ್ಳುತ್ತದೆ. ಇದಕ್ಕೆ ಕ್ಯಾಮಿಯೊ ಎನ್ನುತ್ತಾರೆ. ಕೈ ಒಂದಿಷ್ಟು ತಪ್ಪಿದರೆ ರಾಣಿಯ ಮೂಗು ಹೋಯಿತು! ಆ ಕೆತ್ತನೆಯ ಸುತ್ತ ಮತ್ತೆ ವಜ್ರಾಕ್ಷರಗಳ ಧ್ಯೇಯವಾಕ್ಯ, ನೆತ್ತಿಯ ಮೇಲೆ ಪುಟ್ಟ ತಾರೆ.

ಕೊರಳ ಸರದಲ್ಲಿ ಭಾರತದ ತಾವರೆ, ತಾಳೆಯ ಗರಿ, ಇಂಗ್ಲೆಂಡಿನ ಕೆಂಪು ಬಿಳಿ ಗುಲಾಬಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಎಲ್ಲದರ ನಡುವೆ ಚಕ್ರಾಧಿಪತ್ಯದ ಕಿರೀಟ. ತಾವರೆ ಗುಲಾಬಿಗಳ ಸ್ನೇಹ ಹೇಗಿತ್ತೆಂಬುದಕ್ಕೆ ಆ ಕಿರೀಟದ ಸ್ಥಾನವೇ ಉತ್ತರ. ಇವೆಲ್ಲದರ ಮೇಲೆ ತಿಳಿನೀಲಿ ಸ್ಯಾಟಿನ್ನಿನ ನಿಲುವಂಗಿ, ಅದಕ್ಕೆ ಬಿಳಿ ರೇಷ್ಮೆಯ ಒಳಪದರ. ನಮ್ಮ ಬೇಸಿಗೆಯಲ್ಲಿ ಅದನ್ನು ಹೊದ್ದು ಗಂಟೆಗಟ್ಟಲೆ ಕುಳಿತವರ ಪಾಡು ಊಹಿಸಿಕೊಳ್ಳಬಹುದು.

ಇಷ್ಟೆಲ್ಲ ಕೊಟ್ಟ ಮೇಲೆ ಒಂದು ನಿಬಂಧನೆಯೂ ಇತ್ತು. ಪದಕ ಪಡೆದವನು ಸತ್ತ ಮೇಲೆ ಒಡವೆಯನ್ನು ಸರ್ಕಾರಕ್ಕೆ ಹಿಂತಿರುಗಿಸಬೇಕು. ಅದು ಮಗನಿಗೆ ಹೋಗುವ ಆಸ್ತಿಯಲ್ಲ. ಮಗನಿಗೂ ನಕ್ಷತ್ರ ಬೇಕಿದ್ದರೆ ಅವನೂ ನಿಷ್ಠೆಯಿಂದ ನಡೆದುಕೊಂಡು ಬೇರೆಯಾಗಿಯೇ ಸಂಪಾದಿಸಬೇಕು.

ಮೊದಲ ಸಾಲಿನವರು

ಆರಂಭದಲ್ಲಿ ಇದ್ದದ್ದು ಒಂದೇ ದರ್ಜೆ, 25 ಸ್ಥಾನಗಳು. 1861ರ ನವೆಂಬರ್ 1ರಂದು, ರಾಣಿಯ ಘೋಷಣೆಯ ಮೂರನೆಯ ವಾರ್ಷಿಕ ದಿನ, ಅಲಹಾಬಾದಿನಲ್ಲಿ ಕ್ಯಾನಿಂಗರೂ ವಿಂಡ್ಸರ್ ಅರಮನೆಯಲ್ಲಿ ಸ್ವತಃ ರಾಣಿಯೂ ಪದಕ ಪ್ರದಾನ ಮಾಡಿದರು.

ಮೊದಲ ಪಟ್ಟಿಯಲ್ಲಿದ್ದವರಲ್ಲಿ ಒಬ್ಬರ ಬಗ್ಗೆ ಹೆಚ್ಚು ಹೇಳಲೇಬೇಕು. ಭೋಪಾಲದ ಸಿಕಂದರ್ ಬೇಗಂ. 1819ರಿಂದ 1926ರವರೆಗಿನ ಒಂದು ಶತಮಾನಕ್ಕೂ ಹೆಚ್ಚಿನ ಅವಧಿಯಲ್ಲಿ ಬಹುತೇಕ ಕಾಲ ಭೋಪಾಲವನ್ನು ಆಳಿದವರು ನಾಲ್ವರು ಮಹಿಳೆಯರು. ಅವರಲ್ಲಿ ಎರಡನೆಯವಳು ಈಕೆ. ಪರದೆಯ ಹಿಂದೆ ಕೂರದೆ ಕುದುರೆ ಏರಿ ರಾಜ್ಯ ಸುತ್ತಿದ ಗಟ್ಟಿಗಿತ್ತಿ. ನೈಟ್ ಎಂದರೆ ಕುದುರೆ ಏರಿದ ವೀರ ಪುರುಷ ಎಂಬುದು ಇಂಗ್ಲಿಷರ ಕಲ್ಪನೆ. ಆದರೂ ಭಾರತ ನಕ್ಷತ್ರದ ನೈಟ್ ಪದವಿಯನ್ನು ಈಕೆಗೆ ಕೊಡಬೇಕಾಯಿತು. ರಾಣಿಯನ್ನು ಬಿಟ್ಟರೆ ಆ ಬಳಗದಲ್ಲಿ ಅಂದು ಇದ್ದ ಏಕೈಕ ಮಹಿಳೆ ಸಿಕಂದರ್ ಬೇಗಂ. ಮುಂದೆ ಅವಳ ಮಗಳು ಶಾಹಜಹಾನ್ ಬೇಗಂ, ಮೊಮ್ಮಗಳು ಸುಲ್ತಾನ್ ಜಹಾನ್ ಬೇಗಂ ಕೂಡ ಇದೇ ಪದವಿ ಪಡೆದರು. ಇಂಗ್ಲೆಂಡಿನ ರಾಣಿ ಮೇರಿಗೆ ಇದು ಸಿಕ್ಕಿದ್ದು 1911ರಲ್ಲಿ. ಅಷ್ಟು ಹೊತ್ತಿಗೆ ಒಂದೇ ಮನೆತನದ ಮೂರು ತಲೆಮಾರು ಅದನ್ನು ಧರಿಸಿಯಾಗಿತ್ತು.

ಇದಕ್ಕೆ ವ್ಯತಿರಿಕ್ತವಾದ ಚಿತ್ರ ದುಲೀಪ್ ಸಿಂಗನದು. ಪಂಜಾಬಿನ ಸಿಂಹ ರಣಜಿತ್ ಸಿಂಗನ ಕಿರಿಯ ಮಗ. 1849ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ರಾಜ್ಯವನ್ನು ಕಳೆದುಕೊಂಡ. ಅದೇ ಒಪ್ಪಂದದ ಪ್ರಕಾರ ಕೊಹಿನೂರ್ ವಜ್ರ ವಿಕ್ಟೋರಿಯಾ ರಾಣಿಯ ಪಾಲಾಯಿತು. 186 ಕ್ಯಾರಟ್ ತೂಕವಿದ್ದ ಆ ವಜ್ರವನ್ನು 1852ರಲ್ಲಿ ಮತ್ತೆ ಕತ್ತರಿಸಿ ಉಜ್ಜಿದಾಗ ಉಳಿದದ್ದು 105 ಕ್ಯಾರಟ್ ಚಿಲ್ಲರೆ. 1861ರಲ್ಲಿ ಅದೇ ರಾಣಿ ದುಲೀಪನಿಗೆ ಸಣ್ಣ ಸಣ್ಣ ವಜ್ರಗಳ ಈ ನಕ್ಷತ್ರವನ್ನು ತೊಡಿಸಿದಳು. ಆಗ ಅವನಿಗೆ 23 ವರ್ಷ. ಹಿಂದಿನದನ್ನು ಅಂದು ಅವನು ನೆನೆದನೋ ಇಲ್ಲವೋ, ಇಪ್ಪತ್ತೈದು ವರ್ಷಗಳ ಬಳಿಕ ಸುಮ್ಮನೆ ಕೂರಲಿಲ್ಲ. 1886ರಲ್ಲಿ ಭಾರತಕ್ಕೆ ಮರಳಲು ಹೊರಟಾಗ ಏಡನ್ ಬಂದರಿನಲ್ಲಿ ಅವನನ್ನು ತಡೆದರು. ಅಲ್ಲಿಯೇ ಮತ್ತೆ ಸಿಖ್ ಧರ್ಮಕ್ಕೆ ಮರಳಿದ, ಬ್ರಿಟಿಷರ ವಿರುದ್ಧ ತಿರುಗಿಬಿದ್ದ. 1893ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ಹೈದರಾಬಾದಿನಿಂದ ಬೇರೆಯೇ ತಕರಾರು ಬಂದಿತು. ನಮ್ಮ ಕಲಬುರ್ಗಿ, ರಾಯಚೂರು, ಬೀದರ್ ಸೀಮೆಗಳೂ ಅಂದು ನಿಜಾಮರ ಆಳ್ವಿಕೆಯಲ್ಲಿದ್ದವು ಎಂಬುದನ್ನು ಇಲ್ಲಿ ನೆನೆಯಬಹುದು. ನಿಜಾಮರ ಮುಖ್ಯಮಂತ್ರಿ ಸಾಲಾರ್ ಜಂಗ್ ಎರಡು ಆಕ್ಷೇಪಣೆಗಳನ್ನು ಮುಂದಿಟ್ಟರು. ಒಂದು, ಈ ದೇಶದ ಜನ ತಮ್ಮದಲ್ಲದ ಉಡುಪನ್ನು ತೊಡಲು ಇಷ್ಟಪಡುವುದಿಲ್ಲ. ಎರಡು, ಪದಕದಲ್ಲಿ ರಾಣಿಯ ಮುಖವಿದೆ, ಜೀವಂತ ವ್ಯಕ್ತಿಯ ಚಿತ್ರವನ್ನು ಮೈಮೇಲೆ ಧರಿಸುವುದು ಇಸ್ಲಾಂ ಸಂಪ್ರದಾಯಕ್ಕೆ ಒಗ್ಗದು. ಶಿಲುಬೆಯನ್ನು ಅಷ್ಟು ಎಚ್ಚರಿಕೆಯಿಂದ ಬಿಟ್ಟವರಿಗೆ ಈ ಎರಡನೆಯ ಅಂಶ ಹೊಳೆದಿರಲೇ ಇಲ್ಲ! ಪತ್ರವ್ಯವಹಾರ ನಡೆದು ಸಮಾಧಾನ ಹೇಳಿದ ಮೇಲೆ ನಿಜಾಮರು ಒಪ್ಪಿಕೊಂಡರು. ಆಗಲೂ ನಿಲುವಂಗಿ ಮೈಮೇಲೆ ಬಂದೇ ಬಂದಿತು. ತೊಡುವುದೇ ವಿಧೇಯತೆಯ ಗುರುತು ಎಂಬುದು ಎರಡೂ ಕಡೆಯವರಿಗೆ ಚೆನ್ನಾಗಿ ತಿಳಿದಿತ್ತು.

1866ರಲ್ಲಿ ಪದವಿಯನ್ನು ವಿಸ್ತರಿಸಿ ಮೂರು ದರ್ಜೆ ಮಾಡಿದರು. ಗ್ರ್ಯಾಂಡ್ ಕಮಾಂಡರ್ ಅಂದರೆ ಜಿ.ಸಿ.ಎಸ್.ಐ., ಅದರ ಕೆಳಗೆ ಕೆ.ಸಿ.ಎಸ್.ಐ., ಕೊನೆಯದು ಸಿ.ಎಸ್.ಐ. ಮೊದಲ ಎರಡು ದರ್ಜೆಯವರ ಹೆಸರಿಗೆ ಮಾತ್ರ ‘ಸರ್’ ಸೇರುತ್ತಿತ್ತು.

ಮೈಸೂರಿಗೆ ಬಂದ ನಕ್ಷತ್ರ

ಮುಮ್ಮಡಿ ಕೃಷ್ಣರಾಜ ಒಡೆಯರ ಕಥೆ ಇಲ್ಲಿ ಮನಸ್ಸನ್ನು ಕಲಕುವಂಥದು. 1831ರಲ್ಲಿ ಅವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡು ಬ್ರಿಟಿಷ್ ಕಮಿಷನರುಗಳಿಗೆ ವಹಿಸಲಾಯಿತು. ಅಂದಿನಿಂದ ಬದುಕಿನ ಕೊನೆಯವರೆಗೂ ರಾಜ್ಯವನ್ನು ಮರಳಿ ಪಡೆಯಲು ಅವರು ಮನವಿಯ ಮೇಲೆ ಮನವಿ ಸಲ್ಲಿಸಿದರು. 1857ರಲ್ಲಿ ಮೈಸೂರು ಶಾಂತವಾಗಿತ್ತು, ಮಹಾರಾಜರು ಬ್ರಿಟಿಷರಿಗೆ ನೆರವಾಗಿದ್ದರು. ಆದರೂ ರಾಜ್ಯ ಹಿಂತಿರುಗಲಿಲ್ಲ. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಆ ದತ್ತಕಕ್ಕೆ ಮನ್ನಣೆ ಸಿಗಲು ಮತ್ತೆ ಹೋರಾಟ. ಸಾಯುವ ಮುನ್ನಿನ ವರ್ಷಗಳಲ್ಲಿ ಅವರಿಗೆ ಭಾರತ ನಕ್ಷತ್ರದ ಅತ್ಯುಚ್ಚ ದರ್ಜೆ ದೊರೆಯಿತು. 1868ರ ಮಾರ್ಚ್ 27ರಂದು ಅವರು ತೀರಿಕೊಂಡಾಗ ಎದೆಗೆ ನಕ್ಷತ್ರವಿತ್ತು, ಕೈಯಲ್ಲಿ ರಾಜ್ಯವಿರಲಿಲ್ಲ. ರಾಜ್ಯ ಮರಳಿದ್ದು 1881ರ ಮಾರ್ಚ್ 25ರಂದು, ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ.

ಚಾಮರಾಜೇಂದ್ರರೂ ಜಿ.ಸಿ.ಎಸ್.ಐ. ಆದರು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅದು 1907ರಲ್ಲಿ ಬಂದಿತು. ಜಯಚಾಮರಾಜ ಒಡೆಯರಿಗೆ ಬಂದದ್ದು ಬ್ರಿಟಿಷರು ಗಂಟುಮೂಟೆ ಕಟ್ಟುವುದಕ್ಕೆ ಸ್ವಲ್ಪವೇ ಮೊದಲು! ಹೀಗೆ ಮೈಸೂರಿನ ನಾಲ್ಕು ತಲೆಮಾರುಗಳ ದೊರೆಗಳು ಇದನ್ನು ಧರಿಸಿದರು.

ರಾಜರಲ್ಲದ ಭಾರತೀಯರಿಗೆ ಮೇಲಿನ ದರ್ಜೆಗಳು ಸಿಗುವುದು ಅಪರೂಪವಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕೆ.ಸಿ.ಎಸ್.ಐ. ಆದದ್ದು ಆ ಕಾರಣದಿಂದ ದೊಡ್ಡ ಸುದ್ದಿ. ಕಬ್ಬನ್ ಪಾರ್ಕಿನಲ್ಲಿ ಅವರ ಪ್ರತಿಮೆ ಇಂದಿಗೂ ನಿಂತಿದೆ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ. ಅದಕ್ಕೆ ಅಡಿಪಾಯ ಹಾಕಿದ ಅವರು ಹಿಂದಿನ ವರ್ಷವೇ ಕಣ್ಣುಮುಚ್ಚಿದ್ದರು. ಜನ ಅವರನ್ನು ನೆನೆಯುವುದು ದೀಪದ ಬೆಳಕಿಗಾಗಿ, ನಕ್ಷತ್ರದ ಬೆಳಕಿಗಾಗಿ ಅಲ್ಲ.

ವಿಶ್ವೇಶ್ವರಯ್ಯನವರ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅನೇಕ ವಿದ್ಯಾರ್ಥಿಗಳು ‘ಸರ್ ಎಂ.ವಿ.’ ಎಂಬುದರಲ್ಲಿನ ಸರ್ ಎಂಬುದನ್ನು ಮೇಷ್ಟರನ್ನು ಕರೆಯುವ ಸರ್ ಎಂದೇ ತಿಳಿದಿರುತ್ತಾರೆ. ಅದು ಬಂದದ್ದು ನಕ್ಷತ್ರದ ತಮ್ಮನಾದ ‘ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್’ ಎಂಬ ಪದವಿಯಿಂದ. 1878ರಲ್ಲಿ ಆರಂಭವಾದ ಈ ಎರಡನೆಯ ಪದವಿ ಹೆಚ್ಚು ಜನರಿಗೆ ಸಿಗುವಂಥದು. ವಿಶ್ವೇಶ್ವರಯ್ಯನವರು 1911ರಲ್ಲಿ ಅದರ ಕೆಳದರ್ಜೆಯಾದ ಸಿ.ಐ.ಇ. ಪಡೆದರು. ಆಗ ಅವರು ‘ಸರ್’ ಆಗಲಿಲ್ಲ. 1915ರಲ್ಲಿ, ದಿವಾನರಾಗಿದ್ದಾಗ, ಕೆ.ಸಿ.ಐ.ಇ. ಬಂದ ಮೇಲೆ ‘ಸರ್’ ಆದರು. 2022ರಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಕಾರ್ಯಾರಂಭ ಮಾಡಿದ ರೈಲು ನಿಲ್ದಾಣದ ಹೆಸರಿನಲ್ಲೂ ಆ ಎರಡಕ್ಷರ ಉಳಿದುಕೊಂಡಿದೆ.

1878ರಲ್ಲೇ ಹೆಂಗಸರಿಗೆಂದು ಇನ್ನೊಂದು ಪದವಿಯನ್ನೂ ಸ್ಥಾಪಿಸಿದರು. ಅದರ ಹೆಸರು ‘ಕ್ರೌನ್ ಆಫ್ ಇಂಡಿಯಾ’, ಭಾರತ ಕಿರೀಟ. ಮೂರರಲ್ಲಿ ನೋಡಲು ಅತ್ಯಂತ ಮುದ್ದಾದದ್ದು ಇದೇ. ವಿಕ್ಟೋರಿಯಾ, ರಾಣಿ, ಚಕ್ರವರ್ತಿನಿ ಎಂಬುದನ್ನು ಸೂಚಿಸುವ ವಿ, ಆರ್, ಐ ಎಂಬ ಮೂರು ಅಕ್ಷರಗಳು ಒಂದರೊಳಗೊಂದು ಹೆಣೆದಿವೆ. ವಿ ಪೂರ್ತಿ ವಜ್ರದ್ದು, ಆರ್ ಮುತ್ತಿನದು, ಐ ವೈಡೂರ್ಯನೀಲಿಯ ಟರ್ಕಾಯ್ಸ್ ಕಲ್ಲಿನದು. ಸುತ್ತ ಮುತ್ತಿನ ಅಂಚು, ಮೇಲೆ ಕಿರೀಟ, ತಿಳಿನೀಲಿ ರಿಬ್ಬನ್ನಿನ ಗಂಟು. ಇದರಿಂದ ‘ಸರ್’ ಎಂಬಂಥ ಯಾವ ಬಿರುದೂ ಬರುತ್ತಿರಲಿಲ್ಲ. ನಾಲ್ವಡಿಯವರು ಬಾಲಕರಾಗಿದ್ದಾಗ ರೀಜೆಂಟರಾಗಿ ಮೈಸೂರನ್ನು ನಡೆಸಿದ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಇದನ್ನು ಪಡೆದವರಲ್ಲಿ ಒಬ್ಬರು.

ಬೆನ್ನು ತಿರುಗಿಸಿದವರು

ನಕ್ಷತ್ರ ಕೊಡುವ ಸಮಾರಂಭಗಳು ವರ್ಷ ಕಳೆದಂತೆ ದೊಡ್ಡದಾಗುತ್ತ ಹೋದವು. 1876ರ ಜನವರಿ 1ರಂದು ಕಲ್ಕತ್ತೆಯಲ್ಲಿ ವೇಲ್ಸ್ ರಾಜಕುಮಾರನೇ ಬಂದು ಪ್ರದಾನ ಮಾಡಿದ. 1877, 1903, 1911ರ ದೆಹಲಿ ದರ್ಬಾರುಗಳು ಆಡಂಬರದ ಪರಾಕಾಷ್ಠೆ.

ಆ 1911ರ ದರ್ಬಾರಿನಲ್ಲಿ ಒಂದು ಘಟನೆ ನಡೆಯಿತು. ಐದನೆಯ ಜಾರ್ಜ್ ದೊರೆಗೆ ಅರಸರೆಲ್ಲ ಸರದಿಯಂತೆ ವಂದಿಸಬೇಕು. ಮೂರು ಬಾರಿ ಬಾಗಿ, ಬೆನ್ನು ತೋರಿಸದೆ ಹಿಂದಕ್ಕೆ ನಡೆಯಬೇಕು. ಬರೋಡೆಯ ಸಯಾಜಿರಾವ್ ಗಾಯಕವಾಡರು ತಮ್ಮ ಪ್ರಸಿದ್ಧ ಒಡವೆಗಳನ್ನು ಧರಿಸದೆ, ಸರಳವಾದ ಬಿಳಿಯ ಉಡುಪಿನಲ್ಲಿ, ಕೈಯಲ್ಲಿ ಒಂದು ಬೆತ್ತ ಹಿಡಿದು ಬಂದರು. ಒಮ್ಮೆ ಮಾತ್ರ ಬಾಗಿದರು, ತಿರುಗಿ ನಡೆದರು. ಲಂಡನ್ನಿನ ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಕೊನೆಗೆ ಗಾಯಕವಾಡರು ವಿವರಣೆಯ ಪತ್ರ ಬರೆಯಬೇಕಾಯಿತು. ಉದ್ದೇಶಪೂರ್ವಕವೋ ಗಲಿಬಿಲಿಯೋ ಎಂಬ ಚರ್ಚೆ ಮುಗಿದಿಲ್ಲ. ಬೆನ್ನು ತೋರಿಸಿದ್ದು ಇಷ್ಟು ದೊಡ್ಡ ಅಪರಾಧವಾಗಬೇಕಾದರೆ ಒಡವೆ, ಪಟ್ಟಿ, ನಿಲುವಂಗಿಗಳ ಅರ್ಥವೇನಿತ್ತು ಎಂಬುದಂತೂ ಆ ದಿನ ಬಯಲಾಯಿತು.

ರಾಜರು ಅಳುಕುತ್ತ ಮಾಡಿದ್ದನ್ನು ಮುಂದಿನ ದಶಕದಲ್ಲಿ ಪ್ರಜೆಗಳು ನೇರವಾಗಿ ಮಾಡಿದರು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಬಳಿಕ 1919ರಲ್ಲಿ ರವೀಂದ್ರನಾಥ ಠಾಕೂರರು ತಮ್ಮ ನೈಟ್ ಪದವಿಯನ್ನು ತ್ಯಜಿಸಿದರು. ಅದು ನಕ್ಷತ್ರ ಬಳಗದ್ದಲ್ಲ, ಸಾಮಾನ್ಯ ನೈಟ್ ಪದವಿ. 1920ರಲ್ಲಿ ಗಾಂಧೀಜಿ ಕೈಸರ್-ಎ-ಹಿಂದ್ ಪದಕವನ್ನೂ ದಕ್ಷಿಣ ಆಫ್ರಿಕದ ಯುದ್ಧಕಾಲದ ಪದಕಗಳನ್ನೂ ಹಿಂತಿರುಗಿಸಿದರು. ಬಿರುದುಗಳನ್ನು ಬಿಟ್ಟುಕೊಡುವುದು ಅಸಹಕಾರ ಚಳವಳಿಯ ಕಾರ್ಯಕ್ರಮವೇ ಆಯಿತು. ನಿನ್ನೆಯವರೆಗೆ ಹೆಮ್ಮೆಯಿಂದ ಮುದ್ರಿಸುತ್ತಿದ್ದ ಅಕ್ಷರಗಳು ಕೆಲವರಿಗೆ ಮುಜುಗರದ ವಸ್ತುವಾದವು.

ಹಾಗೆಂದು ಪದಕ ಪಡೆದವರೆಲ್ಲ ಪರಕೀಯರ ಬಾಲಬಡುಕರು ಎಂದು ತೀರ್ಪು ಕೊಡುವುದು ಅನ್ಯಾಯ. ನಾಲ್ವಡಿಯವರು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯನವರು ನಾಡಿಗೆ ಮಾಡಿದ್ದು ಕಣ್ಣೆದುರಿಗಿದೆ. ಕೊಟ್ಟವರ ಉದ್ದೇಶ ಒಂದು, ಪಡೆದವರ ಬದುಕು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು.

ಸ್ವತಂತ್ರ ಭಾರತದಲ್ಲಿ

1947ರ ಬಳಿಕ ಭಾರತ ನಕ್ಷತ್ರಕ್ಕೆ ಹೊಸಬರ ನೇಮಕ ನಿಂತಿತು. ಸಂವಿಧಾನದ 18ನೆಯ ವಿಧಿ ಇನ್ನೂ ಮುಂದೆ ಹೋಗಿ, ಸೇನೆಯ ಮತ್ತು ವಿದ್ಯಾಕ್ಷೇತ್ರದ ವಿಶಿಷ್ಟತೆಗಳನ್ನು ಬಿಟ್ಟು ಬೇರೆ ಯಾವ ಬಿರುದನ್ನೂ ರಾಜ್ಯ ಕೊಡಕೂಡದು, ಭಾರತದ ಪ್ರಜೆ ಯಾವ ವಿದೇಶದಿಂದಲೂ ಬಿರುದು ಪಡೆಯಕೂಡದು ಎಂದು ಕಟ್ಟಪ್ಪಣೆ ಮಾಡಿತು.

ಹಾಗಾದರೆ ಭಾರತರತ್ನ, ಪದ್ಮ ಪ್ರಶಸ್ತಿಗಳು? ಇದು ಪರೀಕ್ಷೆಗಳಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆ. 1954ರಲ್ಲಿ ಅವು ಆರಂಭವಾದಾಗಿನಿಂದಲೂ ಈ ಚರ್ಚೆ ಇತ್ತು. 1977ರಲ್ಲಿ ಜನತಾ ಸರ್ಕಾರ ಅವುಗಳನ್ನು ನಿಲ್ಲಿಸಿತ್ತು, 1980ರಲ್ಲಿ ಮತ್ತೆ ಬಂದವು. 1995ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇವು ಬಿರುದುಗಳಲ್ಲ, ಪ್ರಶಸ್ತಿಗಳು ಎಂದು ತೀರ್ಪಿತ್ತಿತು. ಆದರೆ ಒಂದು ಷರತ್ತು: ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಅವನ್ನು ಬಳಸುವಂತಿಲ್ಲ. ಸಭೆ ಸಮಾರಂಭಗಳ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರು ಇದನ್ನು ಎಷ್ಟು ಪಾಲಿಸುತ್ತಾರೆ ಎಂಬುದು ಬೇರೆ ಮಾತು.

ಭಾರತರತ್ನದ ಪದಕದಲ್ಲಿ ವಜ್ರವಿಲ್ಲ. ಅರಳಿ ಎಲೆಯ ಆಕಾರ, ನಡುವೆ ಸೂರ್ಯ. 1955ರಲ್ಲಿ ಅದು ವಿಶ್ವೇಶ್ವರಯ್ಯನವರಿಗೆ ಸಂದಿತು. ಈ ಗೌರವ ಕೊಟ್ಟಿರೆಂದು ನಿಮ್ಮ ಸರ್ಕಾರವನ್ನು ನಾನು ಹೊಗಳುತ್ತೇನೆಂದು ಎಣಿಸಬೇಡಿ ಎಂಬರ್ಥದಲ್ಲಿ ಅವರು ನೆಹರೂ ಅವರಿಗೆ ಬರೆದರಂತೆ, ಅದೇ ಸರಿ ಎಂದು ನೆಹರೂ ಉತ್ತರಿಸಿದರಂತೆ. ಕರ್ನಾಟಕದಲ್ಲಿ ಮನೆಮಾತಾಗಿರುವ ಕಥೆ ಇದು. ಪದಕವನ್ನು ನಿಷ್ಠೆಯ ಬೆಲೆಯಾಗಿ ಕಂಡಿದ್ದ ಕಾಲವನ್ನೂ ಕಂಡ ಹಿರಿಯರ ಬಾಯಲ್ಲಿ ಈ ಮಾತಿಗೆ ತೂಕ ಹೆಚ್ಚು.

ಬ್ರಿಟನ್ನಿನಲ್ಲಿ 1902ರಲ್ಲಿ ಏಳನೆಯ ಎಡ್ವರ್ಡ್ ದೊರೆ ಆರಂಭಿಸಿದ ‘ಆರ್ಡರ್ ಆಫ್ ಮೆರಿಟ್’ ಎಂಬ ಗೌರವವಿದೆ. ಒಂದು ಹೊತ್ತಿಗೆ 24 ಜನರಿಗಷ್ಟೇ ಅದರಲ್ಲಿ ಸ್ಥಾನ, ಯಾವ ಬಿರುದೂ ಇಲ್ಲ. ವಿದೇಶೀಯರನ್ನು ಆ ಸಂಖ್ಯೆಯ ಹೊರಗೆ ಗೌರವ ಸದಸ್ಯರಾಗಿ ಸೇರಿಸುತ್ತಾರೆ. ಹಾಗೆ ಸೇರಿದವರಲ್ಲಿ ಒಂದು ಕಾಲಕ್ಕೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಡಾ. ಎಸ್. ರಾಧಾಕೃಷ್ಣನ್ (1963) ಮತ್ತು ಮದರ್ ತೆರೇಸಾ (1983) ಇದ್ದಾರೆ.

ಭಾರತ ನಕ್ಷತ್ರವನ್ನು ವಿಧಿಪೂರ್ವಕವಾಗಿ ರದ್ದು ಮಾಡಿಲ್ಲ. ಸದಸ್ಯರು ಒಬ್ಬೊಬ್ಬರಾಗಿ ಮರೆಯಾದರು, ಅಷ್ಟೆ. ಜಿ.ಸಿ.ಎಸ್.ಐ.ಗಳಲ್ಲಿ ಕೊನೆಯವರಾದ ತಿರುವಾಂಕೂರಿನ ಚಿತ್ತಿರ ತಿರುನಾಳ್ ಬಾಲರಾಮವರ್ಮ 1991ರಲ್ಲಿ ತೀರಿಕೊಂಡರು. ಕೆ.ಸಿ.ಎಸ್.ಐ. ಆಗಿದ್ದ ಅಲ್ವರಿನ ತೇಜಸಿಂಗ್ 2009ರಲ್ಲಿ ನಿಧನರಾದಾಗ ನಕ್ಷತ್ರ ಧರಿಸಿದವರು ಯಾರೂ ಉಳಿಯಲಿಲ್ಲ. ಮುಂದಿನ ವರ್ಷ ಧ್ರಾಂಗಧ್ರದ ಮಯೂರಧ್ವಜಸಿಂಹ ಮೇಘರಾಜಿ ಅವರೊಂದಿಗೆ ಇಂಡಿಯನ್ ಎಂಪೈರ್ ಪದವಿಯೂ ಮುಗಿಯಿತು. ಮುತ್ತು, ವಜ್ರ, ಟರ್ಕಾಯ್ಸುಗಳ ಭಾರತ ಕಿರೀಟವನ್ನು ಕೊನೆಯ ಬಾರಿ ಕೊಟ್ಟದ್ದು 1947ರ ಜೂನಿನಲ್ಲಿ, ಇಂಗ್ಲೆಂಡಿನ ಇಬ್ಬರು ರಾಜಕುಮಾರಿಯರಿಗೆ. ಅವರಲ್ಲಿ ಹಿರಿಯಳಾದ ಎರಡನೆಯ ಎಲಿಜಬೆತ್ ರಾಣಿ 2022ರ ಸೆಪ್ಟೆಂಬರ್ 8ರಂದು ತೀರಿಕೊಂಡರು.

ಧ್ಯೇಯವಾಕ್ಯ ಮಾತ್ರ ಅನಿರೀಕ್ಷಿತ ಜಾಗದಲ್ಲಿ ಉಳಿದಿದೆ. ದಕ್ಷಿಣ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಿಂದ ಒಂದು ಕಾಲಕ್ಕೆ ಭಾರತಕ್ಕೆ ಸೈನಿಕರನ್ನು ತುಂಬಿಕೊಂಡ ಹಡಗುಗಳು ಹೊರಡುತ್ತಿದ್ದವು. ಆ ಊರಿನ ಲಾಂಛನದ ಕೆಳಗೆ ಇಂದಿಗೂ ಬರೆದಿರುವುದು ಅದೇ ‘ಹೆವೆನ್ಸ್ ಲೈಟ್ ಅವರ್ ಗೈಡ್’.